ಮನೆ ಕಾಯಲು ಒಬ್ಬರು ಬೇಕು

ಸುಳ್ಯದ ಕಡೆ, ಅಡಿಕೆ ತೋಟದ ನಡುವಿನ ಒಂಟಿ ಮನೆಯವರೆಲ್ಲ ಒಂದು ದಿನ ಒಟ್ಟಿಗೆ ತಿರುಗಾಟಕ್ಕೆ ಹೊರಡುವುದು ಸಣ್ಣ ಸಂಗತಿಯಲ್ಲ. ಎಲ್ಲಿಗೆ ಎಂಬ ಮಾತು ಆಮೇಲಿನದು. ಮೊದಲು ಇತ್ಯರ್ಥವಾಗಬೇಕಾದದ್ದು ಯಾರು ಉಳಿಯುವುದು ಎಂದು. ಹಟ್ಟಿಯಲ್ಲಿ ಕರೆಯುವ ದನ ಇರುತ್ತದೆ, ಬೆಳಿಗ್ಗೆ ಸಂಜೆ ಸೊಸೈಟಿಗೆ ಹಾಲು ಮುಟ್ಟಬೇಕು. ನವೆಂಬರ್ ಕಳೆಯಿತೆಂದರೆ ಅಂಗಳದ ತುಂಬ ಅಡಿಕೆ. ಹರಡಿದ್ದನ್ನು ಮಗುಚಬೇಕು, ಎಲ್ಲೋ ಗುಡುಗಿದರೆ ಓಡಿಹೋಗಿ ಟಾರ್ಪಾಲು ಎಳೆಯಬೇಕು. ಭಾನುವಾರವಾದರೂ ಬಿಡುವಿದೆಯೇ ಎಂದರೆ ಅಂದು ಒಂದು ಮದುವೆ, ಇಲ್ಲದಿದ್ದರೆ ಗೃಹಪ್ರವೇಶ, ಅದೂ ಇಲ್ಲದಿದ್ದರೆ ಕುಟುಂಬದ ಮನೆಯಲ್ಲಿ ಕೋಲ. ಇಷ್ಟೆಲ್ಲ ದಾಟಿದರೂ ಕತ್ತಲಾದ ಮೇಲೆ ಆನೆ ಇದೆ.

ನಮ್ಮದು ಮಂಡೆಕೋಲಿನ ಕಡೆ, ಗುಡ್ಡ ಇಳಿದರೆ ಕೇರಳ. ಆನೆಗಳಿಗೆ ಆ ಗಡಿ ಗೊತ್ತಿಲ್ಲ ಎನ್ನುವುದು ಮೀಟಿಂಗುಗಳಲ್ಲಿ ಭಾಷಣ ಮಾಡುವವರ ಮಾತು. ನಮಗಂತೂ ಅವು ಅದನ್ನು ಚೆನ್ನಾಗಿ ತಿಳಿದುಕೊಂಡೇ ಬಳಸುತ್ತವೆ ಎಂಬ ಗುಮಾನಿ. ಈಚೆಯವರು ಗರ್ನಾಲು ಹೊಡೆದರೆ ಆಚೆ, ಆಚೆಯವರು ತಮಟೆ ಬಡಿದರೆ ಈಚೆ.

ಹೀಗಿರುವಾಗ ದಸರಾ ರಜೆಯಲ್ಲಿ ಮಗಳು ಫೋನಿನಲ್ಲಿ ಕಬಿನಿ ಕಡೆಯ ಒಂದು ವಿಡಿಯೋ ನೋಡಿ, ನಾವೂ ಸಫಾರಿಗೆ ಹೋಗುವಾ ಎಂದು ಹಟ ಹಿಡಿದಳು. ಅದರಲ್ಲಿ ಜೀಪಿನ ಮುಂದೆ ಹುಲಿ ರಸ್ತೆ ದಾಟುತ್ತದೆ, ಹಿಂದಿನ ಪೊದೆಯೊಳಗೆ ಆನೆ ಕಿವಿ ಬೀಸುತ್ತ ನಿಂತಿದೆ.

ಅಮ್ಮನಿಗೆ ನಗು. "ಆನೆ ನೋಡ್ಲಿಕ್ಕೆ ಗಾಡಿ ಮಾಡಿಕೊಂಡು ಘಟ್ಟ ಹತ್ತುವುದಾ? ರಾತ್ರಿ ಬಾಳೆಬುಡಕ್ಕೆ ಟಾರ್ಚ್ ಹಾಕಿದ್ರೆ ಸಾಕಲ್ಲ ಮಾರಾಯ್ತಿ!"

"ನಾನು ಎಲ್ಲಿ ನೋಡಿದ್ದೇನೆ? ನನ್ನನ್ನು ಒಳಗೆ ಹಾಕಿ ಬಾಗಿಲು ಹಾಕ್ತೀರಿ" ಎಂದಳು ಮಗಳು.

ಅವಳ ಮಾತು ಸರಿಯೇ. ಆನೆಯ ಊರಿನಲ್ಲಿ ಹುಟ್ಟಿ ಬೆಳೆಯುತ್ತಿರುವ ಈ ಮಕ್ಕಳು ಆನೆಯನ್ನು ಕಂಡವರಲ್ಲ. ಅವರಿಗೆ ಆನೆಯೆಂದರೆ ರಾತ್ರಿ ಅಡಿಕೆ ಮರ ಲಟಕ್ಕೆಂದು ಮುರಿಯುವ ಸದ್ದು, ದೊಡ್ಡವರ ಪಿಸುಮಾತು, ಗರ್ನಾಲಿನ ಹೊಗೆ. ಬೆಳಿಗ್ಗೆ ಎದ್ದರೆ ತೋಟದ ಕಣಿಯ ಕೆಸರಿನಲ್ಲಿ ನೀರು ನಿಂತ ಹೆಜ್ಜೆಗುಂಡಿ, ಸಿಗಿದು ತಿರುಳು ತಿಂದ ಬೈನೆ ಮರ, ಲದ್ದಿ. ಪೇಟೆಯ ಮಕ್ಕಳಾದರೂ ಸರ್ಕಸ್ ಇದ್ದ ಕಾಲದಲ್ಲಿ ಸರ್ಕಸ್ಸಿನಲ್ಲಿ, ಈಗ ದಸರೆಯ ಟಿವಿಯಲ್ಲಿ ಇಡೀ ಆನೆಯನ್ನು ನೋಡುತ್ತಾರೆ. ನಮ್ಮ ಮಕ್ಕಳ ಪಾಲಿಗೆ ಬಂದದ್ದು ಆನೆ ಹೋದ ಮೇಲಿನ ಗುರುತುಗಳು ಮಾತ್ರ. ಸಫಾರಿಗೆ ಹೋಗಬೇಕೆಂಬ ಆಸೆ ಹುಡುಗಾಟಿಕೆಯೆಂದು ನನಗೆ ತೋರಲಿಲ್ಲ.

ಅಕ್ಕ ಭಾವನ ಮನೆ ಕಡಬ ತಾಲೂಕಿನಲ್ಲಿ. ದೀಪಾವಳಿಗೆ ಬಂದಾಗ ಭಾವನ ಮುಂದೆ ಈ ವಿಷಯ ಬಿತ್ತು. ಅವರು ಯಾವುದನ್ನೂ ಕಾಗದದಲ್ಲಿ ಬರೆಯದೆ ಮಾಡುವವರಲ್ಲ. ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆ ತೆರೆದರು.

ಬನ್ನೇರುಘಟ್ಟ: ಕಬಕ ಪುತ್ತೂರಿನಿಂದ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಅಲ್ಲಿ ಸಿಂಹ, ಹುಲಿ, ಕರಡಿಯ ಜೊತೆಗೆ 2024ರಿಂದ ಚಿರತೆ ಸಫಾರಿಯೂ ಇದೆ. ಆದರೆ ಹೋಗಿ ಬರಲು ಎರಡು ರಾತ್ರಿ, ಬೆಂಗಳೂರಿನ ಟ್ರಾಫಿಕ್ಕು ಬೇರೆ. ಎರಡು ರಾತ್ರಿ ಮನೆ ಬಿಡುವ ಮಾತೇ ಇಲ್ಲ. ಹೊಡೆದು ಹಾಕಿದರು.

ಶಿವಮೊಗ್ಗದ ತ್ಯಾವರೆಕೊಪ್ಪ: 1988ರಲ್ಲಿ ಶುರುವಾದ ಹುಲಿ ಸಿಂಹಧಾಮ, ಪೇಟೆಯಿಂದ ಸಾಗರದ ದಾರಿಯಲ್ಲಿ ಸುಮಾರು 10 ಕಿಲೋಮೀಟರ್, ಮಂಗಳವಾರ ರಜೆ. ಬೇಲಿ ಹಾಕಿದ ಕಾಡಿನೊಳಗೆ ಬಸ್ಸಿನಲ್ಲಿ ಕೂರಿಸಿ ಕರೆದೊಯ್ಯುತ್ತಾರೆ, ಪ್ರಾಣಿ ಕಾಣದೆ ಹಿಂದಿರುಗುವ ಭಯವಿಲ್ಲ. ಮನುಷ್ಯರನ್ನು ಗಾಡಿಯೊಳಗೆ ಕೂಡಿ ಪ್ರಾಣಿಗಳನ್ನು ಹೊರಗೆ ಬಿಡುವ ಈ ಉಪಾಯ ಆಫ್ರಿಕಾದ ಹೊರಗೆ ಮೊದಲು ನಡೆದದ್ದು ಇಂಗ್ಲೆಂಡಿನ ಲಾಂಗ್‌ಲೀಟ್ ಎಂಬ ಜಮೀನ್ದಾರಿ ಎಸ್ಟೇಟಿನಲ್ಲಿ, 1966ರಲ್ಲಿ. ಅಲ್ಲಿಂದ ಅದು ಲೋಕದ ತುಂಬ ಹಬ್ಬಿತು. ಆದರೆ ಸುಳ್ಯದಿಂದ ಶಿವಮೊಗ್ಗಕ್ಕೆ ಒಂದೇ ದಿನದಲ್ಲಿ ಹೋಗಿ ಬರುವುದೆಂದರೆ ಕೋಳಿ ಕೂಗುವ ಮೊದಲೇ ಹೊರಡಬೇಕು, ಅಮ್ಮನ ಮೊಣಗಂಟು ಅಷ್ಟು ಹೊತ್ತು ಮಡಚಿ ಕೂರಲು ಒಪ್ಪುವುದಿಲ್ಲ. ಪಕ್ಕದಲ್ಲಿ ಒಂದು ಪ್ರಶ್ನೆಚಿಹ್ನೆ ಬಿತ್ತು.

ಉಳಿದದ್ದು ನಾಗರಹೊಳೆ. ಸಂಪಾಜೆಯಲ್ಲಿ ಘಟ್ಟ ಹತ್ತಿ ಮಡಿಕೇರಿ, ಅಲ್ಲಿಂದ ಗೋಣಿಕೊಪ್ಪದಲ್ಲಿ ಊಟ, ಪೊನ್ನಂಪೇಟೆ, ಶ್ರೀಮಂಗಲ ದಾಟಿ ಕುಟ್ಟದ ಹತ್ತಿರದ ನಾಣಚ್ಚಿ ಗೇಟಿನಲ್ಲಿ ಸಂಜೆಯ ಸಫಾರಿ. ರಾತ್ರಿ ಹುಣಸೂರು ಕಡೆಯ ಕಾಡಿನ ರಸ್ತೆ ಮುಚ್ಚುತ್ತದೆ, ನಮಗೆ ಅದು ಬೇಡ, ಬಂದ ದಾರಿಯಲ್ಲೇ ಹಿಂದೆ. ಭಾವ ಇದಕ್ಕೆ ಅಡಿಗೆರೆ ಹಾಕಿದರು.

ನಾಗರಹೊಳೆಯ ಹೆಸರು ಬಂದಾಗ ಪುತ್ತೂರಿನ ಕಡೆಯವರಿಗೆ ಸಣ್ಣದೊಂದು ಹೆಮ್ಮೆಯಾಗುತ್ತದೆ, ಅದಕ್ಕೆ ಕಾರಣವಿದೆ. ಶಿವರಾಮ ಕಾರಂತರು ಸುಮಾರು ನಾಲ್ಕು ದಶಕ ಬಾಳಿದ್ದು ಪುತ್ತೂರಿನಲ್ಲಿ. ಪರ್ಲಡ್ಕದ ಬಾಲವನದಲ್ಲಿ ಮಕ್ಕಳಿಗೆ ಬೇರೆಯೇ ರೀತಿಯ ಶಾಲೆ ನಡೆಸಲು ಹೊರಟವರು ಅವರು. ಮಕ್ಕಳಿಗಾಗಿ ಮೂರು ಸಂಪುಟಗಳ 'ಬಾಲಪ್ರಪಂಚ' ಬರೆದರು, ಮುಂದೆ ದೊಡ್ಡವರಿಗೆ 'ವಿಜ್ಞಾನ ಪ್ರಪಂಚ'. ಆ ಮನೆಯಲ್ಲಿ ಬೆಳೆದ ಮಗ ಉಲ್ಲಾಸ ಕಾರಂತರು ಸುರತ್ಕಲ್ಲಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕಲಿತು, ಕೆಲಕಾಲ ಕೃಷಿ ಮಾಡಿ, ಕೊನೆಗೆ ಹುಲಿಯ ಹಿಂದೆ ಹೋದರು. 1980ರ ದಶಕದ ಉತ್ತರಾರ್ಧದಿಂದ ಅವರ ಕಾರ್ಯಕ್ಷೇತ್ರ ನಾಗರಹೊಳೆ. ಹುಲಿಯ ಕತ್ತಿಗೆ ರೇಡಿಯೋ ಪಟ್ಟಿ ಕಟ್ಟಿ ಅದು ಎಲ್ಲೆಲ್ಲಿ ತಿರುಗುತ್ತದೆ, ಏನು ತಿನ್ನುತ್ತದೆ ಎಂದು ನೋಡಿದರು. ಹಾದಿಯ ಎರಡೂ ಬದಿಗೆ ಕ್ಯಾಮರಾ ಕಟ್ಟಿ, ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಇರುವುದಿಲ್ಲ ಎಂಬ ಆಧಾರದ ಮೇಲೆ ಎಣಿಸುವ ವಿಧಾನವನ್ನು ಕಟ್ಟಿದ್ದು ಅಲ್ಲಿಯೇ. ಹೆಜ್ಜೆಗುರುತನ್ನು ಗಾಜಿನ ಮೇಲೆ ಬರೆದುಕೊಂಡು ಹುಲಿ ಎಣಿಸುತ್ತಿದ್ದ ಹಳೆಯ ಪದ್ಧತಿ ಹಿಂದೆ ಸರಿದದ್ದರಲ್ಲಿ ಆ ಕೆಲಸದ ಪಾಲು ದೊಡ್ಡದು. ಪುತ್ತೂರಿನ ಹುಡುಗನೊಬ್ಬ ಹುಲಿಯ ಲೆಕ್ಕ ಸರಿ ಮಾಡಿದ ಕಾಡು ಎಂದು ಮಗಳಿಗೆ ಹೇಳಿದೆ. "ಅವರು ಒಂದೊಂದು ಹುಲಿಗೂ ಹೆಸರಿಟ್ಟಿದ್ದಾರಾ?" ಎಂದು ಕೇಳಿದಳು. ನಂಬರು ಇಟ್ಟಿರುತ್ತಾರೆ ಎಂದದ್ದು ಅವಳಿಗೆ ಹಿಡಿಸಲಿಲ್ಲ.

ಕುಕ್ಕೆಯ ಷಷ್ಠಿ ಕಳೆಯಲಿ, ಅಲ್ಲಿಯವರೆಗೆ ನಮ್ಮ ಕಡೆ ಬಾಡಿಗೆ ವಾಹನ ಸಿಗುವುದು ಕಷ್ಟ ಎಂದುಕೊಂಡೆವು. ಚಿಕ್ಕಪ್ಪ ಮನೆಯಲ್ಲಿ ಉಳಿಯಲು ಒಪ್ಪಿದರು. ನವೆಂಬರ್ ಮೊದಲ ವಾರ ಸುದ್ದಿ ಬಂತು. ಮೈಸೂರು ಜಿಲ್ಲೆಯ ಸರಗೂರು ತಾಲೂಕಿನಲ್ಲಿ ಹುಲಿ ಮತ್ತೊಬ್ಬ ರೈತನನ್ನು ಕೊಂದಿತು. ಕೆಲವೇ ವಾರಗಳಲ್ಲಿ ಆ ಸುತ್ತಿನಲ್ಲಿ ಅದು ಮೊದಲನೆಯದಲ್ಲ. ಜನ ರೊಚ್ಚಿಗೆದ್ದಿದ್ದರು. ಅರಣ್ಯ ಸಚಿವ ಈಶ್ವರ ಖಂಡ್ರೆಯವರು ಬಂಡೀಪುರ ಮತ್ತು ನಾಗರಹೊಳೆಯಲ್ಲಿ ಸಫಾರಿ ನಿಲ್ಲಿಸಲು ಆದೇಶಿಸಿದರು, ಅಲ್ಲಿದ್ದ ಸಿಬ್ಬಂದಿಯನ್ನು ಹುಲಿ ಹುಡುಕುವ ಕೆಲಸಕ್ಕೆ, ಊರು ಕಾಯುವ ಕೆಲಸಕ್ಕೆ ಹಚ್ಚಲು ಹೇಳಿದರು.

ಟಿವಿಯಲ್ಲಿ ಚರ್ಚೆಯೋ ಚರ್ಚೆ. ಸಫಾರಿ ಜೀಪಿನ ಗದ್ದಲಕ್ಕೆ ಹುಲಿ ಹೊರಗೆ ಬರುತ್ತದೆ ಎಂದು ಒಬ್ಬರು, ಪ್ರವಾಸೋದ್ಯಮ ನಿಂತರೆ ಸಾವಿರಾರು ಮನೆಯ ಒಲೆ ಆರುತ್ತದೆ ಎಂದು ಇನ್ನೊಬ್ಬರು. ಜೀಪಿನಿಂದಲೇ ಹುಲಿ ಹೊಲಕ್ಕೆ ಇಳಿಯಿತು ಎಂಬ ವಾದ ನನಗೆ ಗಟ್ಟಿಯೆನಿಸುವುದಿಲ್ಲ. ಸಫಾರಿ ನಡೆಯುವುದು ಕಾಡಿನ ಒಂದು ಸಣ್ಣ ಭಾಗದಲ್ಲಿ. ಹುಲಿ ಹೆಚ್ಚಿದ ಕಾಡಿನಿಂದ ಮುದಿ ಹುಲಿ, ಗಾಯಗೊಂಡ ಹುಲಿ, ಜಾಗ ಸಿಗದ ಎಳೆಯ ಹುಲಿ ಅಂಚಿಗೆ ದೂಡಲ್ಪಡುವುದು ಜೀಪು ಇಲ್ಲದಿದ್ದರೂ ನಡೆಯುತ್ತದೆ. ಆದರೂ ಆ ಆದೇಶ ನನಗೆ ಸರಿಯೆನಿಸಿತು, ಕಾರಣ ಮಾತ್ರ ಬೇರೆ. ಇರುವ ಕೈಗಳು ಇಷ್ಟೇ. ಅವು ಪ್ರವಾಸಿಗರಿಗೆ ಹುಲಿ ತೋರಿಸಲು ಹೋದರೆ ಹತ್ತಿಯ ಹೊಲದ ಅಂಚಿನಲ್ಲಿ ನಿಲ್ಲುವವರು ಯಾರು? ಇಡೀ ಮನೆಯವರು ತಿರುಗಾಟಕ್ಕೆ ಹೊರಟಾಗ ನಾವು ಚಿಕ್ಕಪ್ಪನನ್ನು ಕೇಳಿಕೊಂಡದ್ದೂ ಅದನ್ನೇ.

ಸುದ್ದಿ ನೋಡಿ ಮಕ್ಕಳು ಮುಖ ಸಣ್ಣ ಮಾಡಿದರು. ಅಕ್ಕ ಮಾತ್ರ ಟಿವಿಯ ಸದ್ದು ಕಮ್ಮಿ ಮಾಡಿ, "ಪಾಪ, ಅವರ ಮನೆಯವರ ಕಥೆ ಏನೋ" ಎಂದಳು. ಅವಳಿಗೆ 2023ರ ಫೆಬ್ರವರಿ ನೆನಪಾಗಿತ್ತು. ಆ ತಿಂಗಳ 20ನೇ ತಾರೀಕು ಬೆಳ್ಳಂಬೆಳಿಗ್ಗೆ ಕಡಬದ ರೆಂಜಿಲಾಡಿಯಲ್ಲಿ, ಹಾಲಿನ ಸೊಸೈಟಿಯ ಕೆಲಸಕ್ಕೆ ಹೊರಟ ಯುವತಿಯೊಬ್ಬಳ ಮೇಲೆ ಕಾಡಾನೆ ಬಿತ್ತು. ಅವಳ ಕೂಗು ಕೇಳಿ ಕಾಪಾಡಲು ಓಡಿದ ನೆರೆಯವರೊಬ್ಬರನ್ನೂ ಅದು ಬಿಡಲಿಲ್ಲ. ಇಬ್ಬರೂ ತೀರಿಕೊಂಡರು. ಅದಕ್ಕೆ ಮೊದಲು ಎಷ್ಟೋ ಸಲ ಊರವರು ಅರ್ಜಿ ಕೊಟ್ಟಿದ್ದರು, ಸಿಟ್ಟು ರಸ್ತೆಗೆ ಬಂತು. ನಾಗರಹೊಳೆ, ದುಬಾರೆ ಕಡೆಯ ಪಳಗಿದ ಆನೆಗಳು ಲಾರಿಯಲ್ಲಿ ಘಟ್ಟ ಇಳಿದು ಬಂದವು. ಅದೇ ವಾರ ಒಂದು ಕಾಡಾನೆಯನ್ನು ಅರಿವಳಿಕೆ ಕೊಟ್ಟು ಹಿಡಿದು ಸಾಗಿಸಿದರು. ಆಮೇಲೆ ತುಂಬ ದಿನ ನಮ್ಮ ಅಕ್ಕ ಬೆಳಿಗ್ಗೆ ಹಾಲು ಕೊಡಲು ಹೋಗುವಾಗ ಭಾವ ಜೊತೆಗೆ ಹೋಗುತ್ತಿದ್ದರು. ಈಗಲೂ ಮಂಜು ಇಳಿದ ದಿನ ಹೋಗುತ್ತಾರೆ, ಯಾರಾದರೂ ಕೇಳಿದರೆ ಪೇಪರ್ ತರಲು ಎನ್ನುತ್ತಾರೆ.

ಕೊನೆಗೆ ಭಾವನ ಪುಸ್ತಕದಲ್ಲಿ ಯಾರೂ ಬರೆಯದಿದ್ದ ಹೆಸರು ಎದ್ದಿತು: ಮಂಗಳೂರಿನ ಪಿಲಿಕುಳ. ಸಫಾರಿಯಲ್ಲ, ನಡೆದು ನೋಡುವ ಪ್ರಾಣಿಸಂಗ್ರಹಾಲಯ. ಹತ್ತಿರ, ಒಂದೇ ದಿನ, ಕತ್ತಲಾಗುವುದರೊಳಗೆ ವಾಪಸು. ಸೋಮವಾರ ರಜೆ ಎಂಬುದೊಂದು ನೆನಪಿಟ್ಟರೆ ಸಾಕು. ಮಕ್ಕಳು ಜೀಪು ಹೋಯಿತಲ್ಲ ಎಂದು ಗೊಣಗಿದರು. ಬಾಡಿಗೆಗೆ ಹೇಳಿದ ಇಕೋ ವ್ಯಾನನ್ನೇ ಜೀಪು ಎಂದುಕೊಳ್ಳಿ ಎಂದು ಭಾವ ಸಮಾಧಾನ ಮಾಡಿದರು.

ಬುತ್ತಿಯ ವಿಷಯದಲ್ಲಿ ನಾನು ಸ್ವಲ್ಪ ಹಳೆಕಾಲದವನು. ಹೋಟೆಲಿದೆ ಎಂದು ಬರಿಗೈಯಲ್ಲಿ ಹೋಗುವುದು ಪ್ರವಾಸವಲ್ಲ, ಕೆಲಸಕ್ಕೆ ಹೋದ ಹಾಗೆ. ಹಿಂದಿನ ರಾತ್ರಿಯೇ ಬನ್ಸಿನ ಹಿಟ್ಟು ಕಲಸಿಟ್ಟಾಗಿತ್ತು. ಬೆಳಿಗ್ಗೆ ಕರಿದ ಬನ್ಸು, ಕಡ್ಲೆ ಅವಲಕ್ಕಿ, ಬಾಳೆಲೆಯಲ್ಲಿ ಕಟ್ಟಿದ ಚಿತ್ರಾನ್ನ, ಅಮ್ಮನಿಗೆ ಸಜ್ಜಿಗೆ. ಜಾಲ್ಸೂರು ದಾಟಿ ಪುತ್ತೂರು ಬರುವುದರೊಳಗೆ ಬನ್ಸು ಅರ್ಧ ಖಾಲಿ. ಕಲ್ಲಡ್ಕದಲ್ಲಿ ಇಳಿದು ಕೆ.ಟಿ. ಕುಡಿದೆವು. ಗ್ಲಾಸಿನಲ್ಲಿ ಹಾಲು ಕೆಳಗೆ, ಡಿಕಾಕ್ಷನ್ ಮೇಲೆ, ಒಂದಕ್ಕೊಂದು ಬೆರೆಯದೆ ನಿಲ್ಲುವ ಆ ಚಹಾವನ್ನು ಕಲಕುವ ಮೊದಲು ಮಕ್ಕಳಿಗೆ ಫೋಟೋ ತೆಗೆಯಬೇಕಿತ್ತು. ಪಾಣೆಮಂಗಳೂರಿನಲ್ಲಿ ನೇತ್ರಾವತಿ ದಾಟಿ, ಬಿ.ಸಿ. ರೋಡಿನ ಧೂಳು ತಿಂದು, ಪಡೀಲಿನ ಹತ್ತಿರ ಬೈಪಾಸಿನ ಗೊಂದಲದಲ್ಲಿ ಚಾಲಕನಿಗೂ ಭಾವನಿಗೂ ಸಣ್ಣ ಚರ್ಚೆಯಾಗಿ, ವಾಮಂಜೂರು ತಲುಪುವಾಗ ಬಿಸಿಲೇರಿತ್ತು.

ಗೇಟಿನ ಮೇಲೆ ಮತ್ತೆ ಕಾರಂತರು. ಮೂಡುಶೆಡ್ಡೆಯ ಈ ನಿಸರ್ಗಧಾಮಕ್ಕೆ ಡಾ. ಶಿವರಾಮ ಕಾರಂತ ಪಿಲಿಕುಳ ನಿಸರ್ಗಧಾಮವೆಂದೇ ಹೆಸರು. ನಾಗರಹೊಳೆಗೆ ಹೋಗಿದ್ದರೆ ಮಗನ ಕಾಡು, ಇಲ್ಲಿಗೆ ಬಂದದ್ದಕ್ಕೆ ತಂದೆಯದು. ಒಳಗೆ ಕೆರೆ, ವಿಜ್ಞಾನ ಕೇಂದ್ರ, ಸ್ವಾಮಿ ವಿವೇಕಾನಂದ ತಾರಾಲಯ, ತುಳುನಾಡಿನ ಹಳೆಯ ಗುತ್ತುಮನೆಯ ಮಾದರಿ, ಕುಶಲಕರ್ಮಿಗಳ ಗ್ರಾಮ. ಎಲ್ಲವನ್ನೂ ಒಂದು ದಿನದಲ್ಲಿ ಮುಗಿಸುತ್ತೇವೆಂದು ಬರುವವರು ಏನನ್ನೂ ನೋಡದೆ ಹೋಗುತ್ತಾರೆ. ಕುಟುಂಬ ಕರೆದುಕೊಂಡು ಬರುವವರಿಗೆ ನನ್ನ ಸಲಹೆ: ಬೆಳಿಗ್ಗೆ ನೆರಳಿರುವಾಗ ಪ್ರಾಣಿಗಳು, ಉರಿ ಮಧ್ಯಾಹ್ನ ತಂಪಾದ ತಾರಾಲಯ, ಮುದುಕರಿಗೆ ಗುತ್ತುಮನೆಯ ಜಗಲಿ. ಅಮ್ಮ ಆ ಜಗಲಿಯ ಕಂಬ ತಟ್ಟಿ ನೋಡಿ, "ಹಲಸಿನದ್ದು" ಎಂದು ಸರ್ಟಿಫಿಕೇಟ್ ಕೊಟ್ಟರು.

ಪ್ರಾಣಿಗಳಲ್ಲಿ ನಾವು ಹೆಚ್ಚು ಹೊತ್ತು ನಿಂತದ್ದು ಕಾಳಿಂಗದ ಮುಂದೆ. ಕಾಳಿಂಗ ಸರ್ಪವನ್ನು ಸಾಕಿ, ಮೊಟ್ಟೆಯಿಡಿಸಿ ಮರಿ ಮಾಡಿಸಿದ್ದರಲ್ಲಿ ಪಿಲಿಕುಳಕ್ಕೆ ಒಳ್ಳೆಯ ಹೆಸರಿದೆ. ಒಣಗಿದ ಎಲೆಗಳನ್ನು ರಾಶಿ ಹಾಕಿ ಗೂಡು ಕಟ್ಟಿ ಮೊಟ್ಟೆ ಕಾಯುವ ಹಾವು ಇದು, ಬೇರೆ ಯಾವ ಹಾವಿಗೂ ಆ ಅಭ್ಯಾಸವಿಲ್ಲ. ತಿನ್ನುವುದು ಹೆಚ್ಚಾಗಿ ಬೇರೆ ಹಾವುಗಳನ್ನೇ. 2024ರಲ್ಲಿ ವಿಜ್ಞಾನಿಗಳು ಪಶ್ಚಿಮ ಘಟ್ಟದ ಕಾಳಿಂಗವನ್ನು ಬೇರೆಯೇ ಪ್ರಭೇದವೆಂದು ಗುರುತಿಸಿ ಅದಕ್ಕೆ ಒಫಿಯೋಫೇಗಸ್ ಕಾಳಿಂಗ ಎಂದೇ ಹೆಸರಿಟ್ಟರು. ಅಕ್ಕನ ಮಗ ಗಾಜಿಗೆ ಮೂಗು ಒತ್ತಿ ನಿಂತು, "ಇದು ನಮ್ಮ ಬಚ್ಚಲಿಗೆ ಬಂದದ್ದಲ್ವಾ?" ಎಂದ. ಪಕ್ಕದಲ್ಲಿ ನಿಂತಿದ್ದ ಮಂಗಳೂರಿನ ಯಾರೋ ಹೆಂಗಸು ಬೆಚ್ಚಿ ಅವನ ಕಡೆ ತಿರುಗಿದರು. ಕೆಲವು ವರ್ಷಗಳ ಹಿಂದೆ ಅಕ್ಕನ ಮನೆಯ ಬಚ್ಚಲ ಕೊಟ್ಟಿಗೆಯ ಸೌದೆ ರಾಶಿಯಲ್ಲಿ ಕಾಳಿಂಗ ಸೇರಿಕೊಂಡಿತ್ತು. ಹಾವು ಹಿಡಿಯುವವರು ಬಂದು ಹಿಡಿದು ಕಾಡಿಗೆ ಬಿಡುವವರೆಗೆ ಮನೆಯವರು ಅತ್ತ ತಲೆ ಹಾಕಿರಲಿಲ್ಲ. ಹೊಡೆಯುವ ಮಾತು ಯಾರ ಬಾಯಿಂದಲೂ ಬರಲಿಲ್ಲ ಎಂದು ಭಾವ ಈಗಲೂ ಅಭಿಮಾನದಿಂದ ಹೇಳುತ್ತಾರೆ. ನಾಗನಿಗೆ ಕೈಮುಗಿಯುವ ನಾಡು ಎಂಬುದು ಒಂದು ಕಾರಣ. ಕಾಳಿಂಗ ಇದ್ದಲ್ಲಿ ಬೇರೆ ಹಾವು ಕಮ್ಮಿ ಎಂಬ ಕೃಷಿಕನ ಲೆಕ್ಕ ಇನ್ನೊಂದು.

ಹುಲಿ ಮಲಗಿತ್ತು. ಮೃಗಾಲಯದ ಹುಲಿಗಳು ಮಧ್ಯಾಹ್ನ ಮಲಗುವುದೇ ಹೆಚ್ಚು, ಕಾಡಿನವೂ ಹಾಗೇ. ಎದ್ದು ಗರ್ಜಿಸಲಿ ಎಂದು ಯಾರೋ ಕೂಗಿದರು, ಕಾವಲುಗಾರ ಸಿಳ್ಳೆ ಹೊಡೆದ. ಅಮ್ಮ ಸ್ವಲ್ಪ ಹೊತ್ತು ನೋಡಿ, ತಮ್ಮ ಅಜ್ಜನ ಕಾಲದ ಕಥೆ ತೆಗೆದರು. ದನ ಹಿಡಿದ ಹುಲಿಗೆ ಬೋನು ಇಟ್ಟದ್ದು, ಇಡೀ ಗ್ರಾಮ ಕೋವಿ ಹಿಡಿದು ಬಂದದ್ದು. ಕಾರಂತರ 'ಬೆಟ್ಟದ ಜೀವ' ಓದಿದವರಿಗೆ ಈ ಲೋಕ ಹೊಸದಲ್ಲ. ಸುಬ್ರಹ್ಮಣ್ಯದ ಬೆಟ್ಟದ ಬುಡದಲ್ಲಿ ಕಾಡು ಕಡಿದು ತೋಟ ಮಾಡುವ ಗೋಪಾಲಯ್ಯನಿಗೆ ಕಾಡುಪ್ರಾಣಿ ಎಂದರೆ ದಿನದ ಜಗಳದ ಎದುರಾಳಿ. ಆ ಕಾದಂಬರಿ ಬಂದದ್ದು 1943ರಲ್ಲಿ. ಇಂದು ನಮ್ಮ ಕೋವಿಗಳು ಚುನಾವಣೆ ಬಂದಾಗಲೆಲ್ಲ ಪೊಲೀಸ್ ಠಾಣೆಯಲ್ಲಿ ಠೇವಣಿ ಇದ್ದು ಬರುತ್ತವೆ, ಉಳಿದ ದಿನ ಗೋಡೆಯಲ್ಲಿ. ಮಂಗ ಓಡಿಸಲು ಒಂದು ಸುಳ್ಳು ಗುಂಡು ಹಾರಿಸಿದರೆ ಅದೇ ದೊಡ್ಡದು. ಪ್ರಾಣಿಯ ಜೊತೆಗಿನ ಜಗಳದಲ್ಲಿ ನಾವು ಆಯುಧ ಕೆಳಗಿಟ್ಟಾಗಿದೆ, ಆದರೆ ಜಗಳ ಮುಗಿದಿಲ್ಲ.

ಎಲ್ಲ ಸುತ್ತಿ ಬಂದ ಮೇಲೆ ಮಗಳು ಕೇಳಿಯೇ ಬಿಟ್ಟಳು. "ಇಲ್ಲಿ ಆನೆ ಇಲ್ವಾ?"

ಇಲ್ಲ. ಅವಳು ನೋಡಬೇಕೆಂದು ಹೊರಟದ್ದೇ ಅದನ್ನು. ಸಮಾಧಾನಕ್ಕೆ ನಾನು ಅಜ್ಜಾವರದ ಸಂಗತಿ ಹೇಳಿದೆ, ಅವಳಿಗೆ ಅರ್ಧ ನೆನಪಿತ್ತು. 2023ರ ಏಪ್ರಿಲ್‌ನಲ್ಲಿ ನಮ್ಮ ಪಕ್ಕದ ಆ ಗ್ರಾಮದಲ್ಲಿ ಮರಿಗಳೂ ಸೇರಿ ನಾಲ್ಕು ಆನೆಗಳು ತೋಟದ ಕೆರೆಗೆ ಬಿದ್ದಿದ್ದವು. ಸುಡುಬೇಸಿಗೆಯಲ್ಲಿ ನೀರು ಹುಡುಕಿ ಬಂದಿರಬೇಕು, ಹತ್ತಲು ಆಗಲಿಲ್ಲ. ಅರಣ್ಯ ಇಲಾಖೆಯವರು, ಊರವರು ಸೇರಿ ಕೆರೆಯ ದಂಡೆ ಕಡಿದು ಇಳಿಜಾರು ದಾರಿ ಮಾಡಿಕೊಟ್ಟರು, ಆನೆಗಳು ಮೇಲೆ ಬಂದವು. ಹಾಗೆ ಹಾರೆ ಹಿಡಿದು ನಿಂತವರ ತೋಟಗಳಲ್ಲೂ ಆನೆ ತುಳಿದ ಗುರುತು ಇರುತ್ತದೆ. ಆ ದಿನ ಯಾರೂ ನಷ್ಟದ ಲೆಕ್ಕ ಎತ್ತಿದ ಹಾಗಿಲ್ಲ. ಕಡಬದ ಸಾವುಗಳಾಗಿ ಎರಡು ತಿಂಗಳೂ ತುಂಬಿರಲಿಲ್ಲ ಎಂಬುದನ್ನು ಇದರ ಜೊತೆಗೆ ಇಟ್ಟು ನೋಡಿದರೆ ನಮ್ಮ ಜನರ ಮನಸ್ಸಿನ ಬಗ್ಗೆ ಬೇರೆಯವರು ಬರೆಯುವ ಎಷ್ಟೋ ವರದಿಗಳು ಅರೆಬರೆ ಎನಿಸುತ್ತವೆ. ನಮ್ಮನ್ನು ಒಂದೋ ಕಾಡುಪ್ರಾಣಿಯ ವೈರಿಗಳೆಂದು ಬರೆಯುತ್ತಾರೆ, ಇಲ್ಲವೇ ಪ್ರಕೃತಿಯ ಮಡಿಲಿನ ಮಕ್ಕಳೆಂದು. ಅದೇ ಆನೆ ರಾತ್ರಿ ಬಾಳೆಗೆ ಬಂದರೆ ಗರ್ನಾಲು, ಕೆರೆಗೆ ಬಿದ್ದರೆ ಹಾರೆ.

ಹಿಂದಿರುಗುವಾಗ ಗಾಡಿಯಲ್ಲಿ ಮಕ್ಕಳು ನಿದ್ದೆ ಹೋದರು. ಮಾಣಿ ದಾಟುವಾಗ ಭಾವ ಮತ್ತೆ ನಾಗರಹೊಳೆಯ ಮಾತು ತೆಗೆದರು. ಬಾಗಿಲು ತೆರೆದ ಮೇಲೆ, ಬೇಸಿಗೆ ರಜೆಯಲ್ಲಿ, ಪುತ್ತೂರು ಜಾತ್ರೆ ಮುಗಿಸಿಕೊಂಡು ಹೋಗುವಾ ಎಂದರು. ಬೇಸಿಗೆಯಲ್ಲಿ ಕೆರೆಗಳ ಹತ್ತಿರ ಪ್ರಾಣಿ ಕಾಣುವುದು ಸುಲಭ ಎಂಬುದು ಅವರ ಲೆಕ್ಕ. ಅಡಿಕೆಯೂ ಆಗ ಅಂಗಳದಿಂದ ಒಳಗೆ ಹೋಗಿರುತ್ತದೆ. ಚಿಕ್ಕಪ್ಪನಿಗೆ ಬದಲು ಆ ಸಲ ಯಾರು ಉಳಿಯುವುದು ಎಂದು ಕೇಳಿದೆ. ಅದಕ್ಕೆ ಉತ್ತರ ಬರಲಿಲ್ಲ. ಹೋಗುವುದಾದರೆ ನನಗೆ ಸಫಾರಿ ಜೀಪಿನ ಚಾಲಕನ ಪಕ್ಕದ ಸೀಟು ಬೇಕು ಎಂದೆ. ಜೀಪು ನಿಲ್ಲಿಸಿ ಹುಲಿ ಹುಡುಕಲು ಹೊಲಗಳಿಗೆ ಇಳಿದವರಲ್ಲಿ ಅವನೂ ಒಬ್ಬನಾಗಿದ್ದರೆ, ಅಲ್ಲಿ ಏನು ಕಂಡ, ಊರವರು ಏನು ಹೇಳಿದರು ಎಂದು ಅವನ ಬಾಯಿಂದಲೇ ಕೇಳಬೇಕು, ಹುಲಿ ಕಾಣದಿದ್ದರೂ ಅಡ್ಡಿಯಿಲ್ಲ.

"ಸಫಾರಿಯಲ್ಲಿ ಮಾತಾಡ್ಲಿಕ್ಕಿಲ್ಲ ಭಾವ," ಎಂದರು ಅವರು. "ಇಳಿಸಿ ಬಿಡ್ತಾರೆ."